ಶೋಧನೆಯಿಂದ ಬಳಕೆಗೆ

ಇಂದು ನಮ್ಮ ಸಣ್ಣ ಊರುಗಳಲ್ಲಿಯೂ ಜೆರಾಕ್ಸ್ ಅಂಗಡಿಗಳಿವೆ. ಅಂಕಪಟ್ಟಿಯನ್ನೋ ಪಹಣಿಯನ್ನೋ ಕೊಟ್ಟರೆ ಕ್ಷಣಮಾತ್ರದಲ್ಲಿ ಅದರ ಪ್ರತಿ ಕೈಗೆ ಬರುತ್ತದೆ. ಇಷ್ಟು ಉಪಯುಕ್ತವಾದ ಯಂತ್ರವನ್ನು ಜಗತ್ತು ಕಂಡೊಡನೆಯೇ ಆದರಿಸಿರಬೇಕೆಂದು ನಾವು ಭಾವಿಸುವುದು ಸಹಜ. ಆದರೆ ನಡೆದುದು ಬೇರೆ.

ಇದರ ಮೂಲಪುರುಷ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಬಡತನದಲ್ಲಿ ಬೆಳೆದ ಈತನು ನ್ಯೂಯಾರ್ಕಿನ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿ ನೌಕರನಾಗಿದ್ದನು. ಅಲ್ಲಿ ಕಾಗದಪತ್ರಗಳಿಗೆ ಹೆಚ್ಚಿನ ಪ್ರತಿಗಳು ಬೇಕಾದರೆ ಮತ್ತೆ ಬೆರಳಚ್ಚು ಮಾಡಿಸಬೇಕು, ಇಲ್ಲವೇ ಛಾಯಾಚಿತ್ರ ತೆಗೆಸಬೇಕು. ಈ ತೊಂದರೆಯೇ ಅವನನ್ನು ಶೋಧನೆಗೆ ಹಚ್ಚಿತು. 1938ರ ಅಕ್ಟೋಬರ್ 22ರಂದು ಗಂಧಕ ಲೇಪಿಸಿದ ಸತುವಿನ ತಗಡು, ಸ್ಥಿರವಿದ್ಯುತ್ತು, ನುಣುಪಾದ ಪುಡಿ, ಇವುಗಳ ನೆರವಿನಿಂದ ಮೊದಲ ಪ್ರತಿ ಮೂಡಿತು.

ಹೆತ್ತವರಿಗೆ ಹೆಗ್ಗಣ ಮುದ್ದು, ನೋಡುವವರಿಗೆ ಹಾಗಲ್ಲ. ಕಾರ್ಲ್‌ಸನ್ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳ ಬಾಗಿಲು ತಟ್ಟಿದನು. ಅಗ್ಗದ ಕಾರ್ಬನ್ ಕಾಗದವಿರುವಾಗ ಇಂಥದೊಂದು ಯಂತ್ರ ಬೇಕೆಂದು ಯಾರಿಗೂ ತೋರಲಿಲ್ಲ. 1944ರಲ್ಲಿ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆಯೂ 1947ರಲ್ಲಿ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿಯೂ ಕೈಹಿಡಿದವು. ಹ್ಯಾಲಾಯ್ಡ್ ಕಂಪನಿಯೇ ಮುಂದೆ ಜೆರಾಕ್ಸ್ ಎಂದು ಹೆಸರಾಯಿತು.

1959ರಲ್ಲಿ '914' ಎಂಬ ಯಂತ್ರ ಸಿದ್ಧವಾಯಿತು. ತಂತ್ರಜ್ಞರು ಗೆದ್ದಿದ್ದರು, ಆದರೆ ತೊಡಕು ತೀರಿರಲಿಲ್ಲ. ಯಂತ್ರದ ತೂಕ ಮೂರು ಕ್ವಿಂಟಲಿಗೆ ಸಮೀಪ. ಬೆಲೆ 27,000 ಡಾಲರಿಗೂ ಮಿಗಿಲು. ಅಷ್ಟು ಹಣವನ್ನು ಯಾವ ಕಚೇರಿ ತೆತ್ತೀತು? ಇದಕ್ಕೂ ಮೊದಲು ಐ.ಬಿ.ಎಂ. ಸಂಸ್ಥೆಯು ಇದರ ತಯಾರಿಕೆಯಲ್ಲಿ ಪಾಲುಗೊಳ್ಳುವ ವಿಚಾರವಾಗಿ ತಜ್ಞರ ಸಲಹೆ ಪಡೆದಿತ್ತು. ಸುಮಾರು 5,000 ಯಂತ್ರಗಳಿಗಿಂತ ಹೆಚ್ಚು ಬೇಡಿಕೆಯಿಲ್ಲವೆಂದು ಅವರು ಹೇಳಿದ್ದರಿಂದ ಅದು ಹಿಂದೆ ಸರಿಯಿತು. ಬಾವಿಯಿಲ್ಲದ ಊರಿನಲ್ಲಿ ಕೊಡಗಳನ್ನೆಣಿಸಿ, ಇಲ್ಲಿಯವರಿಗೆ ನೀರು ಅಷ್ಟಾಗಿ ಬೇಡವೆಂದು ತೀರ್ಮಾನಿಸಿದಂತಾಯಿತು ಇದು!

ಹ್ಯಾಲಾಯ್ಡ್ ಮುಖ್ಯಸ್ಥ ಜೋಸೆಫ್ ವಿಲ್ಸನ್ ಮತ್ತು ಅವನ ಸಂಗಡಿಗರು ಬೇರೊಂದು ದಾರಿ ಹಿಡಿದರು. ಯಂತ್ರವನ್ನು ಕೊಳ್ಳಲೇಬೇಕಾಗಿಲ್ಲ, ತಿಂಗಳಿಗೆ 95 ಡಾಲರ್ ಬಾಡಿಗೆ ಕೊಟ್ಟರೆ ಸಾಕು. ಅದರಲ್ಲಿಯೇ 2,000 ಪ್ರತಿಗಳು. ಮೇಲಿನವುಗಳಿಗೆ ಮಾತ್ರ ತಲಾ ಕೆಲವು ಸೆಂಟುಗಳು. ಯಂತ್ರ ಕಚೇರಿಯನ್ನು ಹೊಕ್ಕ ಮೇಲೆ, ಅದುವರೆಗೆ ಯಾರೂ ಬಯಸದಿದ್ದ ಪ್ರತಿಗಳನ್ನು ಎಲ್ಲರೂ ಬಯಸತೊಡಗಿದರು. ಬೇಡಿಕೆ ಎಲ್ಲ ಎಣಿಕೆಗಳನ್ನೂ ಮೀರಿತು. ಕಾರ್ಲ್‌ಸನ್ ಧನಿಕನಾದನು, 1968ರಲ್ಲಿ ತೀರಿಕೊಳ್ಳುವ ಮುನ್ನ ತನ್ನ ಸಂಪತ್ತಿನ ಬಹುಭಾಗವನ್ನು ದಾನಮಾಡಿದನು.

ಮೊದಲ ಪ್ರತಿಗೂ '914' ಯಂತ್ರಕ್ಕೂ ನಡುವೆ ಇಪ್ಪತ್ತೊಂದು ವರ್ಷಗಳು ಸಂದಿದ್ದವು. ಹೊಸ ವಸ್ತುವನ್ನು ನಿರ್ಮಿಸಲು ಪ್ರಕೃತಿಯ ನಿಯಮಗಳನ್ನು ಅರಿತರೆ ಸಾಕು. ಅದನ್ನು ಜನರಿಗೆ ಮುಟ್ಟಿಸಲು ಅವರ ಅಭ್ಯಾಸವನ್ನೂ ಅನುಮಾನವನ್ನೂ ಕಿಸೆಯನ್ನೂ ಅರಿಯಬೇಕು. ಮುಂದೊಂದು ದಿನ ನೀವು ಹೊಸದೇನನ್ನಾದರೂ ಕಂಡುಹಿಡಿದು, ಯಾರೂ ಕಿವಿಗೊಡದೆ ಹೋದರೆ, ಬೀದಿಯ ಆ ಪುಟ್ಟ ಅಂಗಡಿಯನ್ನೊಮ್ಮೆ ನೆನೆಯಿರಿ.