ಕ್ರಿಯಾಟಿನಿನ್ ಏರಲಿ ಎಂದು ಕಾಯಬೇಡ

ಮಗೂ, ಮೈಕ್ರೋಆರ್‌ಎನ್‌ಎ ಔಷಧಿ ಬಂದರೆ ಕಿಡ್ನಿ ಸರಿಹೋಗುತ್ತದಂತೆ, ನಿಜವೇ ದೊಡ್ಡಮ್ಮ ಎಂದು ಕೇಳಿದ್ದೆಯಲ್ಲ. ಬಯೋಕೆಮಿಸ್ಟ್ರಿ ಪಾಠ ಮಾಡಿದವಳನ್ನು ಕೇಳಿದ ಮೇಲೆ ಉತ್ತರ ಸ್ವಲ್ಪ ಉದ್ದವೇ ಆಗುತ್ತದೆ, ಸಹಿಸಿಕೋ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೆರಡು ಲೀಟರ್ ಬಿಟ್ಟು ಮಿಕ್ಕದ್ದನ್ನೆಲ್ಲ ಅಲ್ಲಿನ ಸಣ್ಣ ನಳಿಕೆಗಳ ಜೀವಕೋಶಗಳು ಮತ್ತೆ ಒಳಗೆಳೆದುಕೊಳ್ಳಬೇಕು. ಆ ದುಡಿಮೆಗೆ ಬೇಕಾದ ಶಕ್ತಿ ಹೆಚ್ಚಾಗಿ ಕೊಬ್ಬನ್ನು ಉರಿಸಿಯೇ ಬರಬೇಕು. ನಿನ್ನ ಹಾಗೆ ಶುಗರೂ ಬಿಪಿಯೂ ಇದ್ದರೆ ಆ ಕೋಶಗಳಿಗೆ ಕೆಲಸ ಹೆಚ್ಚುತ್ತದೆ, ಆಮ್ಲಜನಕ ಸಾಲದಾಗುತ್ತದೆ, ಮೈಟೋಕಾಂಡ್ರಿಯಾ ಸೊರಗುತ್ತವೆ. ಜೀವಕೋಶದ ಒತ್ತಡ ಎನ್ನುವುದು ಇದನ್ನೇ.

ಮೈಕ್ರೋಆರ್‌ಎನ್‌ಎ ನಡುವೆ ಬರುವುದು ಇಲ್ಲಿ. ಸುಮಾರು 22 ಅಕ್ಷರದಷ್ಟು ಪುಟ್ಟ ಆರ್‌ಎನ್‌ಎ ತುಣುಕು, ಜೀನುಗಳ ಸಂದೇಶ ಪ್ರೋಟೀನ್ ಆಗದಂತೆ ಅದುಮಿಡುತ್ತದೆ. ಆಂಬ್ರೋಸ್ ಮತ್ತು ರವ್ಕನ್ 1993ರಲ್ಲಿ ಇದನ್ನು ಒಂದು ಹುಳುವಿನಲ್ಲಿ ಕಂಡರು. ನೊಬೆಲ್ ಬಂದದ್ದು 2024ರಲ್ಲಿ. (ಹುಳುವಿನ ಹಿಂದೆ ಬಿದ್ದವರನ್ನು ಇನ್ನು ಮೇಲೆ ಗೇಲಿ ಮಾಡಬೇಡ.) ಒತ್ತಡಕ್ಕೆ ಸಿಕ್ಕ ಕಿಡ್ನಿಯಲ್ಲಿ ಮಿರ್-21 ಎಂಬುದು ಏರಿ, ಕೊಬ್ಬು ಉರಿಸುವ ವ್ಯವಸ್ಥೆಯನ್ನೇ ಅದುಮುತ್ತದೆ. ಮೊದಲೇ ಬಳಲಿದ ಕೋಶ ಇನ್ನಷ್ಟು ಬಳಲುತ್ತದೆ. ಇತ್ತ ನಾರಿನ ಪ್ರೋಟೀನಾದ ಕೊಲಾಜನ್ನಿಗೆ ಕಡಿವಾಣ ಹಾಕುವ ಮಿರ್-29 ಇಳಿಯುತ್ತದೆ. ಹಳೆಯ ಗಾಯದ ಕಲೆಯ ಹಾಗೆ ಒಳಗೆಲ್ಲ ನಾರು ಬೆಳೆಯುತ್ತದೆ. ಬೆಳೆದ ನಾರನ್ನು ಕರಗಿಸುವುದು ಬಲು ಕಷ್ಟ.

ಮಿರ್-21ನ್ನು ತಡೆಯುವ ಮದ್ದು ಇಲಿಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಆಲ್‌ಪೋರ್ಟ್ ಎಂಬ ಆನುವಂಶಿಕ ಕಿಡ್ನಿ ಕಾಯಿಲೆಯವರ ಮೇಲೆ ಪರೀಕ್ಷಿಸಿದಾಗ ಫಲ ಕಾಣದೆ 2022ರಲ್ಲಿ ನಿಲ್ಲಿಸಿಬಿಟ್ಟರು. ಸಂಶೋಧನೆ ನಡೆಯಲಿ, ಅದರ ಮೇಲೆ ನನಗೆ ಭರವಸೆಯಿದೆ. ಆದರೆ ಅದನ್ನು ನಂಬಿಕೊಂಡು ನೀನು ಕೂರಬೇಡ.

ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನಾರ್ಮಲ್ ಎಂದು ಬೀಗಬೇಡ. ಅರ್ಧದಷ್ಟು ಕಿಡ್ನಿ ಕೈಕೊಡುವವರೆಗೂ ಅದು ಸುಮ್ಮನಿರಬಹುದು. ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಸು. 'ಎಸಿಆರ್' ಎಂದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ. ಸೊಂಟ ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತೀಯಲ್ಲ, ಅದನ್ನು ಇವತ್ತೇ ಬಿಡು. ಅದು ಕಿಡ್ನಿಗೆ ಹರಿಯುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಆ ನಳಿಕೆಗಳ ಹೊರೆಯನ್ನು ಇಳಿಸುತ್ತದೆ. ನಿನಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನೇ ಕೇಳು, ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ತೆಗೆದುಕೊಂಡು ಹೋಗು.