ಸಾಲ ಬುದ್ಧಿಯನ್ನೂ ತಿನ್ನುತ್ತದೆಯೇ?

ಪ್ರಶ್ನೆ: ನಮ್ಮ ಭಾವ ಕುಣಿಗಲ್‌ನಲ್ಲಿ ಅಂಗಡಿ ಇಟ್ಟಿದ್ದಾರೆ. ಲೆಕ್ಕಾಚಾರದಲ್ಲಿ ಗಟ್ಟಿಗರು. ನಾಲ್ಕೈದು ಕಡೆ ಸಾಲವಾದ ಮೇಲೆ ಫೋನ್ ಎತ್ತುವುದಿಲ್ಲ, ನೆಂಟರ ಮದುವೆಗೂ ಬರುವುದಿಲ್ಲ. ಅಕ್ಕನಿಗೆ ಹೇಳದೆ ಇನ್ನೊಂದು ಸಾಲ ಎತ್ತಿದ್ದಾರೆ. ಇಂಥ ಜಾಣರು ಹೀಗೇಕಾಗುತ್ತಾರೆ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಜಾಣತನ ಎಲ್ಲೂ ಹೋಗಿಲ್ಲ, ಅದಕ್ಕೆ ಬಿಡುವಿಲ್ಲ ಅಷ್ಟೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆಸಿದ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕಟಾವಿಗೆ ಮುಂಚೆ, ಒಡವೆ ಅಡವಿಟ್ಟು ದಿನ ದೂಡುವ ಹೊತ್ತಿನಲ್ಲಿ, ಬುದ್ಧಿ ಪರೀಕ್ಷೆಯಲ್ಲಿ ಅವರಿಗೆ ಬಂದ ಅಂಕ ಕಡಿಮೆ. ಕಬ್ಬಿನ ದುಡ್ಡು ಕೈಸೇರಿದ ಮೇಲೆ ಅದೇ ರೈತರಿಗೆ ಹೆಚ್ಚು ಅಂಕ.

ನಿಮ್ಮ ಭಾವನಿಗೆ ಇನ್ನೂ ಹತ್ತಿರವಾದದ್ದು 2019ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನ. ಬಡ ಕುಟುಂಬಗಳ ಹಳೆಯ ಸಾಲವನ್ನು ಸಂಸ್ಥೆಯೊಂದು ತೀರಿಸಿಕೊಟ್ಟಿತು. ಎಷ್ಟು ಹಣ ತೀರಿತು ಎನ್ನುವುದಕ್ಕಿಂತ ಎಷ್ಟು ಕಡೆಯ ಬಾಕಿ ಮುಗಿಯಿತು ಎನ್ನುವುದೇ ಆತಂಕ ಇಳಿಸಿತ್ತು. ಬ್ಯಾಂಕಿನ ಕಂತಿಗೆ ಒಂದು ತಾರೀಕು, ಚೀಟಿಗೆ ಇನ್ನೊಂದು, ಸಂಘಕ್ಕೆ ವಾರ ವಾರ, ಕೈಸಾಲಕ್ಕೆ ಕೊಟ್ಟವರು ಎದುರಾದಾಗಲೆಲ್ಲ. ಇವತ್ತಿನ ಕಂತು ದಾಟಿದರೆ ಸಾಕು ಎನ್ನುವವನಿಗೆ ಮುಂದಿನ ತಿಂಗಳ ಬಡ್ಡಿ ಕಾಣುವುದಿಲ್ಲ. ಹೊಸ ಸಾಲ ಹುಟ್ಟುವುದು ಅಲ್ಲೇ.

ಇನ್ನು ನಾಚಿಕೆ. ತುಮಕೂರಿನಲ್ಲಾದರೆ ಒಂದು ರಸ್ತೆ ಬಿಟ್ಟು ಇನ್ನೊಂದರಲ್ಲಿ ಹೋಗಬಹುದು. ಗುಬ್ಬಿ, ಕುಣಿಗಲ್ ಪೇಟೆಯಲ್ಲಿ ಸಾಲ ಕೊಟ್ಟವರೇ ಗಿರಾಕಿ, ಅವರೇ ನೆಂಟರು. ಮದುವೆಗೆ ಹೋದರೆ ಮುಯ್ಯಿ ಹಾಕಬೇಕು. ಹಾಕಿದರೆ ‘ನಮಗೆ ಕೊಡೋಕಿಲ್ಲ, ಮುಯ್ಯಿಗಿದೆ’ ಎನ್ನುವ ಕಣ್ಣುಗಳು. ಅದಕ್ಕೇ ಮನೆಯಲ್ಲೇ ಉಳಿಯುತ್ತಾರೆ. ಸಂಘದ ಸಾಲದಲ್ಲಂತೂ ಒಬ್ಬರು ತಪ್ಪಿಸಿದರೆ ಮಿಕ್ಕವರು ತುಂಬಬೇಕು. ಪಕ್ಕದ ಮನೆಯವರೇ ವಸೂಲಿಗೆ ನಿಲ್ಲುತ್ತಾರೆ. ಸಾಲಕ್ಕೆ ಜಾಮೀನು ಬೇಡ ಎಂದು ಹೊಗಳುವವರು ಮಾನವೇ ಜಾಮೀನಾಗಿರುವುದನ್ನು ಹೇಳುವುದಿಲ್ಲ.

ಅಕ್ಕನಿಂದ ಮುಚ್ಚಿಟ್ಟದ್ದು ಮೋಸವೆಂದು ಮೊದಲೇ ತೀರ್ಮಾನಿಸಬೇಡಿ. ಹೆಚ್ಚಿನವರು ಮುಚ್ಚಿಡುವುದು ಇನ್ನೊಂದು ದಿನ ಮನೆಯಲ್ಲಿ ತಲೆ ಎತ್ತಿಕೊಂಡು ಊಟ ಮಾಡುವ ಆಸೆಗೆ. ಆದರೆ ಮುಚ್ಚಿಟ್ಟಷ್ಟೂ ನಿದ್ದೆ ಹೋಗುತ್ತದೆ, ಸಿಡುಕು ಬರುತ್ತದೆ. ಬೈಯದೆ ಮೂವರೂ ಕೂತು ಎಲ್ಲ ಬಾಕಿಯನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಒಂದೆರಡು ಸಣ್ಣ ಬಾಕಿ ಪೂರ್ತಿ ಚುಕ್ತಾ ಮಾಡಿಸಿ. ಹೆಚ್ಚು ಬಡ್ಡಿಯದ್ದೇ ಮೊದಲು ತೀರಲಿ ಎಂದು ಲೆಕ್ಕ ಬಲ್ಲವರು ಹೇಳಬಹುದು. ಈ ಹೊತ್ತಿಗೆ ಭಾವನ ತಲೆ ಹಗುರಾಗುವುದು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ.

ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. ವಸೂಲಿಯ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು ವಿಧಿಸುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ‘ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತೆ’ ಎಂಬಂಥ ಮಾತು ಭಾವನ ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡಬೇಡಿ. ಆಗಲೇ 14416ಕ್ಕೆ, ಟೆಲಿ ಮಾನಸ್‌ಗೆ, ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.