ಎದುರಿಗೆ ನಿಂತವರು ಮೊದಲು

ತಮ್ಮಾ, ತಂಗೀ, ನೀವೆಲ್ಲ ಈಚೆಗೆ ನೌಕರಿಗೆ ಹತ್ತಿದವರು. ಒಬ್ಬರು ವಿಜಯಪುರದ ಬ್ಯಾಂಕಿನ ಕೌಂಟರಿನಲ್ಲಿ, ಒಬ್ಬರು ತಿಕೋಟಾದ ಪಟ್ಟಣ ಪಂಚಾಯಿತಿಯಲ್ಲಿ, ಮತ್ತೊಬ್ಬರು ಬಬಲೇಶ್ವರದ ತಹಶೀಲ್ದಾರ್ ಕಚೇರಿಯಲ್ಲಿ. ಕೆಲಸ ಬೇರೆ ಬೇರೆಯಾದರೂ ಸಂಜೆ ಮನೆಗೆ ಬಂದು ಆಡುವ ಮಾತು ಒಂದೇ: “ಮುಂಜಾನೆಯಿಂದ ಕೈಗೆ ಬಿಡುವಿಲ್ಲ, ಆದರ ಮುಗಿಸಿದ್ದು ಏನಂತ ಕೇಳಿದರ ಒಂದೂ ನೆನಪಾಗವಲ್ದು.” ನೀವು ಸುಳ್ಳು ಹೇಳುತ್ತಿಲ್ಲ, ಮೈಗಳ್ಳರೂ ಅಲ್ಲ. ದಿನ ಹೋದದ್ದು ಎಲ್ಲಿಗೆ ಎಂಬುದನ್ನು ಕೂತು ಲೆಕ್ಕ ಹಾಕಿಲ್ಲ, ಅಷ್ಟೇ. ಕಡತ, ಲೆಡ್ಜರುಗಳ ನಡುವೆ ಆಯುಷ್ಯ ಸವೆಸಿದವನಾಗಿ ಆ ಲೆಕ್ಕಕ್ಕೆ ನಾನೊಂದಿಷ್ಟು ಕೈಜೋಡಿಸುತ್ತೇನೆ.

ಮೊಬೈಲನ್ನು ಬಾವಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಸಾಹೇಬರ ಆದೇಶ ಅದರಲ್ಲೇ ಬರುತ್ತದೆ, ಸಭೆಯ ನೋಟಿಸು ಅದರಲ್ಲೇ, ಒಟಿಪಿಯೂ ಅದರಲ್ಲೇ. ಉದ್ಯೋಗ ಖಾತ್ರಿ ಕೆಲಸದ ಹಾಜರಾತಿಯನ್ನು 2023ರ ಜನವರಿಯಿಂದ ಆ್ಯಪ್‌ನಲ್ಲೇ ಹಾಕುವುದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಏರಿಸಬೇಕಾಯಿತು. 2024ರ ಸೆಪ್ಟೆಂಬರ್ ಕೊನೆಗೆ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು, ನಮ್ಮ ಹಳ್ಳಿಗರ ಬಾಯಲ್ಲಿ ಇನ್ನೂ ತಲಾಠಿಗಳು, ಆ್ಯಪ್ ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತದ್ದು ನಿಮಗೆ ನೆನಪಿರಬೇಕು. ಹತ್ತಾರು ಆ್ಯಪ್‌ಗಳ ಹೊರೆ, ಅದಕ್ಕೆ ತಕ್ಕ ಸಲಕರಣೆ ಇಲ್ಲ ಎಂಬುದು ಅವರ ಅಳಲು. ಆದ್ದರಿಂದ ಕೆಲಸದ ವೇಳೆ ಕೈಯಲ್ಲಿ ಫೋನ್ ಕಂಡೊಡನೆ ‘ಹುಡುಗರು ಕೆಟ್ಟರು’ ಎನ್ನುವ ಹಿರಿಯರ ಮಾತಿಗೆ ಮನಸ್ಸು ನೋಯಿಸಿಕೊಳ್ಳಬೇಡಿ. ನಿಮ್ಮ ಗೊಂದಲದಲ್ಲಿ ಸ್ವಲ್ಪ ಪಾಲು ನಿಜಕ್ಕೂ ಮೇಲಿನಿಂದ ಬಂದದ್ದು.

ಉಳಿದ ಪಾಲು ಯಾರದು? ಅದಕ್ಕೆ ಒಂದು ದಿನ ಹೀಗೆ ಮಾಡಿ. ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಗೆರೆ ಎಳೆದು ಮೂರು ಮನೆ ಮಾಡಿ. ಕಚೇರಿಯ ಕೆಲಸಕ್ಕೆಂದೇ ಫೋನ್ ಕರೆದರೆ ಮೊದಲ ಮನೆಯಲ್ಲಿ ಒಂದು ಗೀಟು. ಬೇರೆಯವರ ಗರಜಿಗೆ ಕರೆದರೆ, ಅಂದರೆ ಹುಟ್ಟುಹಬ್ಬದ ಶುಭಾಶಯ, ಊರ ಗ್ರೂಪಿನ ವಾದ, ಸಾಲ ಕೊಡುತ್ತೇವೆಂಬ ಕಂಪನಿ, ಇವಕ್ಕೆ ಎರಡನೆಯ ಮನೆ. ಯಾರೂ ಕರೆಯದೆ ನಿಮ್ಮ ಹೆಬ್ಬೆರಳು ತಾನೇ ಹೋಗಿ ಪರದೆ ತೆರೆದರೆ ಮೂರನೆಯದು. ಸಂಜೆ ಆ ಹಾಳೆ ನೋಡಿ. ಮೊದಲ ಮನೆ ತುಂಬಿದ್ದರೆ ನಿಮ್ಮ ಮೇಲಧಿಕಾರಿಯೊಂದಿಗೆ ಮಾತಾಡಬೇಕು. ಎರಡನೆಯದು ತುಂಬಿದ್ದರೆ ಫೋನಿನ ಸೆಟ್ಟಿಂಗ್ ಬದಲಿಸಬೇಕು. ಮೂರನೆಯದು ತುಂಬಿದ್ದರೆ ನಿಮ್ಮೊಂದಿಗೆ ನೀವೇ ಮಾತಾಡಬೇಕು. ಮೂರಕ್ಕೂ ಮದ್ದು ಬೇರೆ. ಎಲ್ಲವನ್ನೂ ಒಂದೇ ‘ಮೊಬೈಲ್ ಚಟ’ ಎಂದು ಕರೆದರೆ ಯಾವುದೂ ವಾಸಿಯಾಗುವುದಿಲ್ಲ.

ಮೂರನೆಯ ಮನೆಗೆ ನಿಮ್ಮನ್ನು ಎಳೆಯುವುದಕ್ಕೆಂದೇ ಜಾಣರು ಸಂಬಳ ಪಡೆದು ಕೂತಿದ್ದಾರೆ ಎಂಬುದನ್ನೂ ತಿಳಿದಿರಿ. ಪುಟದ ತಳವೇ ಬರದಂತೆ ಉರುಳುತ್ತಲೇ ಹೋಗುವ ಪರದೆಯನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪತ್ರಿಕೆ ಓದುವವನಿಗೆ ಕೊನೆಯ ಪುಟ ಬರುತ್ತದೆ, ಮಡಚಿ ಇಡುತ್ತಾನೆ. ರೀಲ್ಸ್‌ಗೆ ಕೊನೆಯ ಪುಟವಿಲ್ಲ. ಅದಕ್ಕೇ ‘ಎರಡೇ ನಿಮಿಷ ನೋಡಿ ಇಡುತ್ತೇನೆ’ ಎಂಬ ಶಪಥ ನಿಲ್ಲುವುದಿಲ್ಲ. ನಿಮ್ಮ ಛಲ ಸಣ್ಣದೆಂದು ಹಳಿದುಕೊಳ್ಳುವ ಬದಲು ಫೋನನ್ನೇ ಕೈಗೆಟುಕದ ಕಡೆ ಇಡುವುದು ಬುದ್ಧಿವಂತಿಕೆ.

ಇನ್ನೊಂದು ಮಾತು. ಕಳೆದುಹೋಗುವುದು ಫೋನ್ ನೋಡಿದ ಆ ಎರಡು ನಿಮಿಷ ಮಾತ್ರ ಎಂದುಕೊಂಡಿದ್ದೀರಿ. ಆದರೆ ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ವಿದ್ವಾಂಸೆ 2009ರಲ್ಲಿ ತೋರಿಸಿದರು. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2008ರ ಅಧ್ಯಯನ ಇನ್ನೂ ವಿಚಿತ್ರ. ಪದೇ ಪದೇ ಅಡ್ಡಿಯಾದವರು ಕೆಲಸವನ್ನು ನಿಧಾನವಾಗೇನೂ ಮಾಡಲಿಲ್ಲ. ಕಳೆದ ಹೊತ್ತು ತುಂಬಿಕೊಳ್ಳಲು ಓಡೋಡಿ ಮುಗಿಸಿದರು. ಆದರೆ ಅದರ ಬೆಲೆಯಾಗಿ ಒತ್ತಡ, ಹತಾಶೆ, ಶ್ರಮ ಏರಿದವು. ಕೆಲಸ ಮುಗಿದಿದ್ದರೂ ಸಂಜೆ ನೀವು ಹಿಂಡಿದಂತಾಗಿ ಮನೆಗೆ ಬರುವುದು ಇದರಿಂದಲೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಮಯ ಹಾಳಾದರೆ ಬಡ್ತಿ ತಪ್ಪುತ್ತದೆ, ಹೆಸರು ಕೆಡುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಇರಲಿ. ನಮ್ಮ ಕಡೆ ಹಾಳಾಗುವುದು ಬೇರೆಯವರ ದಿನ. ಕನಮಡಿಯಿಂದಲೋ ಮಮದಾಪುರದಿಂದಲೋ ಮುಂಜಾನೆಯ ಬಸ್ಸು ಹಿಡಿದು ಒಬ್ಬ ರೈತ ಬರುತ್ತಾನೆ. ಉತಾರದಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಿದೆ, ಇಲ್ಲವೇ ಬೆಳೆಸಾಲದ ಕಾಗದಕ್ಕೆ ಒಂದು ಸಹಿ ಬೇಕಿದೆ. ನೀವು ಅವನ ಕಾಗದ ಕೈಯಲ್ಲಿ ಹಿಡಿದೇ ಪರದೆಯತ್ತ ನೋಡುತ್ತೀರಿ; ಮರಳಿ ಕಾಗದಕ್ಕೆ ಬರುವಾಗ ಸರ್ವೆ ನಂಬರಿನ ಒಂದು ಅಂಕಿ ಹಿಂದುಮುಂದಾಗುತ್ತದೆ. ಆ ತಪ್ಪು ಇವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳ ನಂತರ ಬೆಳೆವಿಮೆ ಖಾತೆಗೆ ಬರದಿದ್ದಾಗ ಬೀಳುತ್ತದೆ. ಆಗ ಅವನು ಮತ್ತೆ ಬರಬೇಕು. ಬಸ್ಸಿನ ದುಡ್ಡು ಹೋಯಿತು, ಒಂದು ದಿನದ ಪಗಾರ ಹೋಯಿತು, ಎತ್ತು ಕಟ್ಟಿದಲ್ಲೇ ನಿಂತವು. ನಿಮ್ಮ ಎರಡು ನಿಮಿಷಕ್ಕೆ ಅವನು ಒಂದು ದಿನ ಕೊಟ್ಟ.

ಹಾಗಾಗಿ ಮೊದಲ ನಿಯಮ ಇದು: ಎದುರಿಗೆ ನಿಂತವರು ಮೊದಲು, ಪರದೆಯೊಳಗಿನವರು ಆಮೇಲೆ. ಮನುಷ್ಯ ಕೌಂಟರಿಗೆ ಬಂದಾಗ ಫೋನ್ ಮಗುಚಿ ಇಡಿ, ಸಾಧ್ಯವಾದರೆ ಡ್ರಾಯರಿಗೆ ಹಾಕಿ. ಅವನ ಕೆಲಸ ಮುಗಿದ ಮೇಲೆ ಮುಂದಿನದು. ಕರೆ ಬಂದೇ ಬಂತು, ಸಾಹೇಬರದೇ ಬಂತು ಎನ್ನಿ, “ಯಜಮಾನರ, ಒಂದ್ ನಿಮಿಷ ಕೂಡ್ರಿ” ಎಂದು ಹೇಳಿ ಎತ್ತಿ. ಹೇಳದೆ ತಿರುಗಿಕೊಳ್ಳುವುದು ಬೇರೆ, ಹೇಳಿ ತಿರುಗಿಕೊಳ್ಳುವುದು ಬೇರೆ.

ಎರಡನೆಯದು, ಏಕಾಗ್ರತೆ ಬೇಡುವ ಕೆಲಸಕ್ಕೆ ದಿನದ ಒಂದು ತುಂಡನ್ನು ಒಡೆಯದೆ ಕೊಡಿ. ಲೆಕ್ಕ ತಾಳೆ ನೋಡುವುದು, ವರದಿ ಬರೆಯುವುದು ಇಂಥವಕ್ಕೆ ಜನ ಸೇರುವ ಮುಂಚಿನ ಮುಂಜಾನೆಯ ಒಂದು ತಾಸು ಹೇಳಿ ಮಾಡಿಸಿದ್ದು. ಆ ಒಂದು ತಾಸು ಇಂಟರ್ನೆಟ್ ಡೇಟಾ ಬಂದ್ ಇರಲಿ, ರಿಂಗ್ ಮಾತ್ರ ಚಾಲೂ ಇರಲಿ. ‘ತುರ್ತಿದ್ದರೆ ಕರೆ ಮಾಡಿರಿ, ಇಲ್ಲದಿದ್ದರೆ ಮೆಸೇಜ್ ಹಾಕಿರಿ’ ಎಂದು ಸಾಹೇಬರಿಗೂ ಜೊತೆಗಾರರಿಗೂ ಮೊದಲೇ ತಿಳಿಸಿಡಿ. ನಿಜವಾದ ತುರ್ತು ಎಷ್ಟು ಕಡಿಮೆ ಎಂಬುದು ವಾರದೊಳಗೆ ಗೊತ್ತಾಗುತ್ತದೆ.

ಮೂರನೆಯದು, ಮೆಸೇಜಿಗೆ ಹೊತ್ತು ಗೊತ್ತುಮಾಡಿ. ಕಚೇರಿಗೆ ಬಂದೊಡನೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಮಧ್ಯಾಹ್ನ ಚಹಾದ ಹೊತ್ತಿಗೆ, ಹೊರಡುವ ಮುಂಚೆ. ಕಚೇರಿಯ ಒಂದೆರಡು ಗ್ರೂಪ್ ಬಿಟ್ಟು ಉಳಿದೆಲ್ಲ ಗ್ರೂಪುಗಳನ್ನು ಮ್ಯೂಟ್ ಮಾಡಿ. ಬಿಟ್ಟು ಹೊರಟರೆ ಬೀಗರು ಬೇಸರಪಟ್ಟಾರು, ಮ್ಯೂಟ್ ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಊಟದ ಡಬ್ಬಿ ಬಿಚ್ಚಿದಾಗ ರೊಟ್ಟಿ, ಶೇಂಗಾ ಚಟ್ನಿಯ ಕಡೆ ಲಕ್ಷ್ಯವಿರಲಿ, ಪಕ್ಕದವರ ಜೊತೆ ನಾಲ್ಕು ಮಾತಿರಲಿ. ಬಿಡುವಿನಲ್ಲೂ ಪರದೆಯನ್ನೇ ನೋಡಿದರೆ ಕಣ್ಣಿಗೆ ಬಿಡುವೆಲ್ಲಿ ಸಿಕ್ಕಿತು?

ನಾಲ್ಕನೆಯದು, ಕೆಲಸ ಅರ್ಧಕ್ಕೆ ಬಿಡಲೇಬೇಕಾದರೆ ಎಲ್ಲಿಗೆ ಬಿಟ್ಟಿರಿ ಎಂದು ಒಂದು ಸಾಲು ಬರೆದಿಟ್ಟು ಏಳಿ: ‘ಪುಟ ಇಷ್ಟು, ಮೊತ್ತ ಕೂಡಿಸುವುದು ಬಾಕಿ.’ ಮರಳಿ ಬಂದಾಗ ತಡಕಾಡುವುದು ತಪ್ಪುತ್ತದೆ. ಹಳೆಯ ಗುಮಾಸ್ತರು ಕಡತದ ಅಂಚಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದರು, ಅದೇ ವಿದ್ಯೆ.

ಫೋನನ್ನು ಆಳುವುದು ಹೇಗೆಂದು ಕಲಿಯಲು ದೂರ ಹೋಗಬೇಕಿಲ್ಲ. ತಿಕೋಟಾ ಭಾಗದ ದ್ರಾಕ್ಷಿ ಪಡದ ಒಕ್ಕಲಿಗನನ್ನು ನೋಡಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಮೋಡ ಮುಸುಕಿದರೆ ದಾವಣಿ ರೋಗದ ಭಯ. ಔಷಧಿ ಹೊಡೆಯಬೇಕೋ ಬೇಡವೋ ಎಂದು ಅವನು ಹವಾಮಾನ ನೋಡುತ್ತಾನೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಹರವಿದಾಗ ಅಕಾಲಿಕ ಮಳೆಯ ಸುದ್ದಿ ನೋಡುತ್ತಾನೆ, ಸಾಂಗ್ಲಿ, ತಾಸಗಾಂವದ ದರ ಕೇಳುತ್ತಾನೆ. ಕೇಳಬೇಕಾದ್ದನ್ನು ಕೇಳಿ ಫೋನನ್ನು ಕಿಸೆಗಿಟ್ಟು ಕೆಲಸಕ್ಕಿಳಿಯುತ್ತಾನೆ. ಬಳ್ಳಿಯ ಮೇಲೆ ಬಿಟ್ಟ ಗೊಂಚಲನ್ನೆಲ್ಲ ಅವನು ಉಳಿಸಿಕೊಳ್ಳುವುದೂ ಇಲ್ಲ. ಹೆಚ್ಚಾದವನ್ನು ಕತ್ತರಿಸಿ ಹಾಕುತ್ತಾನೆ, ಉಳಿದವು ತುಂಬಿಕೊಳ್ಳಲಿ ಎಂದು. ದಿನದ ಕೆಲಸಗಳ ಪಟ್ಟಿಗೂ ಅಂಥ ಕತ್ತರಿ ಬೇಕು. ಹತ್ತು ಬರೆದುಕೊಂಡು ಹತ್ತನ್ನೂ ಮುಟ್ಟಿ ಬಿಡುವುದಕ್ಕಿಂತ ಮೂರನ್ನು ಮುಗಿಸುವುದು ಲೇಸು.

‘ನನಗೆ ಹೊತ್ತೇ ಇಲ್ಲ’ ಎನ್ನುವವರಿಗೆ ನಮ್ಮೂರಿನ ಫ.ಗು. ಹಳಕಟ್ಟಿಯವರ ಬದುಕನ್ನು ತೋರಿಸುತ್ತೇನೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ವಿಜಯಪುರಕ್ಕೆ ಬಂದು ವಕೀಲಿ ಮಾಡಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟುವುದರಲ್ಲಿ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಸ್ಥಾಪಿಸುವುದರಲ್ಲಿ ಮುಂದಾದರು. ಕೋರ್ಟು, ಶಾಲೆ, ಬ್ಯಾಂಕು, ಊರ ಕೆಲಸ ಎಲ್ಲವೂ ಅವರನ್ನು ಕರೆಯುತ್ತಿದ್ದವು. ಅದರ ನಡುವೆಯೇ ಮನೆಮನೆಯ ತಾಳೆಗರಿ ಕಟ್ಟುಗಳನ್ನು ಹುಡುಕಿ, ಓದಿ, ನಕಲು ಮಾಡಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಅಚ್ಚಿಗಾಗಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ತಾಳೆಗರಿಯ ಸಣ್ಣ ಅಕ್ಷರವನ್ನು ಅರ್ಧ ಮನಸ್ಸಿನಿಂದ ಓದಲು ಬರುವುದಿಲ್ಲ. ಒಂದು ಅಕ್ಷರ ತಪ್ಪಿದರೆ ವಚನದ ಅರ್ಥವೇ ಬೇರೆ. ಅವರಿಗೂ ದಿನಕ್ಕೆ ಇಪ್ಪತ್ನಾಲ್ಕೇ ತಾಸು. ಕರೆಯುವವರು ಅವರಿಗೇನೂ ಕಡಿಮೆ ಇರಲಿಲ್ಲ. ಆದರೂ ಮುಖ್ಯವಾದ ಒಂದು ಕೆಲಸಕ್ಕೆ ಕೊಟ್ಟ ಹೊತ್ತನ್ನು ಬಿಟ್ಟುಕೊಡಲಿಲ್ಲ.

ಇನ್ನೊಬ್ಬರು ನಿಮ್ಮ ಕಾಲದವರೇ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ನಮ್ಮನ್ನಗಲಿದ ಸಿದ್ಧೇಶ್ವರ ಸ್ವಾಮೀಜಿ. 2018ರಲ್ಲಿ ಬಂದ ಪದ್ಮಶ್ರೀಯನ್ನು ಬೇಡವೆಂದವರು, ಅಂಗಿಗೆ ಕಿಸೆಯನ್ನೇ ಇಡಿಸದವರು. ಅವರ ಪ್ರವಚನಕ್ಕೆ ಸಾವಿರಾರು ಜನ ಸೇರುತ್ತಿದ್ದರು, ಮೆಲುದನಿಯ ಆ ಮಾತನ್ನು ಸದ್ದಿಲ್ಲದೆ ಕೂತು ಕೇಳುತ್ತಿದ್ದರು. ಅದೇ ಜನ, ಅವರ ಕಿಸೆಯಲ್ಲಿ ಅದೇ ಫೋನು. ಹಾಗಾದರೆ ಗಮನ ಕೊಡುವ ಶಕ್ತಿ ನಮ್ಮಲ್ಲಿ ಸತ್ತಿಲ್ಲ. ನಮಗೆ ನಿಮಗೆ ಕಿಸೆಯಿಲ್ಲದ ಅಂಗಿ ಸಾಧ್ಯವಾಗದು. ಕೆಲಸದ ಹೊತ್ತಿನಲ್ಲಿ ಕಿಸೆ ಖಾಲಿ ಇಡುವುದು ಸಾಧ್ಯ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತೆ. ನೀವೂ ಇನ್ನೊಬ್ಬರ ಹೊತ್ತು ಕದಿಯುತ್ತೀರಿ. ಬೆಳಗಿನ ಹೂವಿನ ಚಿತ್ರ, ಪರೀಕ್ಷಿಸದ ಸುದ್ದಿ, ‘ಓಕೆ ಸರ್’ ಎಂದು ಇಡೀ ಗ್ರೂಪಿಗೆ ಹೋಗುವ ಉತ್ತರ ಇವೆಲ್ಲ ಯಾರದೋ ಮೇಜಿನ ಮೇಲೆ ಟಿಂಗ್ ಎನ್ನುತ್ತವೆ. ಹೇಳಬೇಕಾದ್ದನ್ನು ಮೂರು ತುಂಡು ಮಾಡದೆ ಒಂದೇ ಮೆಸೇಜಿನಲ್ಲಿ, ಏನು ಬೇಕು, ಯಾವಾಗ ಬೇಕು ಎಂದು ಬರೆಯಿರಿ. ನಾಳೆ ನೀವೇ ಸಾಹೇಬರಾದಾಗ ರಾತ್ರಿ ಹತ್ತಕ್ಕೆ ‘ಅರ್ಜೆಂಟ್’ ಎಂದು ಹಾಕಬೇಡಿ. ಕೆಲಸದ ಹೊತ್ತು ಮೀರಿದ ಮೇಲೆ ನೌಕರರಿಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಿಗೆ ತಂದವು. ನಮ್ಮ ಸಂಸತ್ತಿನಲ್ಲಿ ಅದು ಖಾಸಗಿ ಸದಸ್ಯರ ಮಸೂದೆಯಾಗಿ ಬಂದಿತಷ್ಟೇ. ಕಾನೂನು ಬರುವವರೆಗೆ ಮರ್ಯಾದೆಯಾದರೂ ಇರಲಿ. ಹಾಗೆಯೇ, ಮನೆಯಲ್ಲಿ ಕೂಸಿರುವ ತಂಗಿಯರಿಗೆ, ವಯಸ್ಸಾದ ತಂದೆತಾಯಿ ಇದ್ದವರಿಗೆ ಮನೆಯ ಕರೆ ಬಂದೇ ಬರುತ್ತದೆ. ಅದನ್ನು ರೀಲ್ಸ್ ಜೊತೆಗೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಎಲ್ಲವನ್ನೂ ಒಂದೇ ದಿನಕ್ಕೆ ಹಿಡಿಯಲು ಹೋಗಬೇಡಿ, ವಾರಕ್ಕೆ ಬಿಟ್ಟುಬಿಡುತ್ತೀರಿ. ಸೋಮವಾರದಿಂದ ಒಂದನ್ನೇ ಹಿಡಿಯಿರಿ: ಕೌಂಟರಿಗೆ ಮನುಷ್ಯ ಬಂದಾಗ ಫೋನ್ ಡ್ರಾಯರಿಗೆ. ಅದು ರೂಢಿಯಾದ ಮೇಲೆ ಮುಂಜಾನೆಯ ಒಂದು ತಾಸು, ಆಮೇಲೆ ಉಳಿದವು. ಸಮಯ ಪಾಲನೆ ಕಲಿತಿರೋ ಇಲ್ಲವೋ ಎಂದು ಯಾವ ಆ್ಯಪನ್ನೂ ಕೇಳಬೇಡಿ. ಹಳ್ಳಿಯಿಂದ ಬಂದವರು ಅದೇ ಕೆಲಸಕ್ಕೆ ಎರಡನೆಯ ಸಲ ಬರದಂತಾದರೆ ಕಲಿತಿರಿ ಎಂದೇ ಅರ್ಥ.